2 ತಿಂಗಳ ಮುಧೋಳ ನಾಯಿ ಮರಿ ಮನೆಗೆ ಬಂದಿದೆ, ಟ್ರೈನಿಂಗ್‌ಗೆ ಅಂತ ನಿಜವಾಗ್ಲೂ ಏನೇನ್ ತಗೋಬೇಕು?

ಆರ್‌ಆರ್‌ನಗರ_ಹುಡುಗಿ:

ಎಲ್ರಿಗೂ ನಮಸ್ಕಾರ. ಮೊನ್ನೆ ಭಾನುವಾರ ನಮ್ಮಪ್ಪ ಬಾಗಲಕೋಟೆ ಕಡೆಯಿಂದ ವಾಪಸ್ ಬರ್ತಾ ಒಂದು ಮುಧೋಳ ಮರಿ ತಂದಿದಾರೆ. ಹೆಣ್ಣು, 2 ತಿಂಗಳು ತುಂಬಿ ನಾಲ್ಕು ದಿನ ಆಯ್ತು, ಒಂದು ಡೋಸ್ ಲಸಿಕೆ ಆಗಿದೆ ಅಂತ ಕಾರ್ಡ್ ಕೊಟ್ಟಿದಾರೆ. ಚಿಗರಿ, ಅಂದ್ರೆ ಜಿಂಕೆ, ಅಂತ ಹೆಸರಿಟ್ವಿ, ಆ ಕಾಲು ನೋಡಿದ್ರೆ ಬೇರೆ ಹೆಸರೇ ಹೊಳೀಲಿಲ್ಲ.

ನಾವಿರೋದು ಎರಡನೇ ಫ್ಲೋರಲ್ಲಿ, ಮನೆ ತುಂಬಾ ಟೈಲ್ಸು, ಒಂದು ಬಾಲ್ಕನಿ ಇದೆ ಅಷ್ಟೆ. ನಂಗಿದು ಮೊದಲನೇ ನಾಯಿ. ನಿನ್ನೆ ಹತ್ರದ ಪೆಟ್ ಶಾಪ್‌ಗೆ ಹೋಗಿ ಮರಿ ಟ್ರೈನಿಂಗ್‌ಗೆ ಏನ್ ಬೇಕು ಅಂತ ಕೇಳಿದ್ದಕ್ಕೆ ಅವ್ರು ಕೌಂಟರ್ ಮೇಲೆ ಒಂದೊಂದೇ ತಂದಿಟ್ರು: ಮುಳ್ಳಿರೋ ಬೆಲ್ಟು, ಎಳೆದ್ರೆ ಕುತ್ತಿಗೆಗೆ ಬಿಗಿಯೋ ಚೋಕ್ ಚೈನು, ಎಳೆದ್ರೆ ಉದ್ದ ಆಗಿ ಬಟನ್ ಒತ್ತಿದ್ರೆ ನಿಲ್ಲೋ 5 ಮೀಟರ್ ಲೀಶು (ನಾಯಿ ಹಿಡ್ಕೊಳ್ಳೋ ಪಟ್ಟಿ), ಬಾಯಿಗೆ ಕಟ್ಟೋ ಮಜಲ್, ಪ್ಲಾಸ್ಟಿಕ್ ಬಟ್ಲು ಎರಡು, ಒತ್ತಿದ್ರೆ ಟಿಕ್ ಅಂತ ಸದ್ದು ಮಾಡೋ ಕ್ಲಿಕ್ಕರ್, ಉಚ್ಚೆ ಪ್ಯಾಡ್ ಎರಡು ಪ್ಯಾಕು, ಕಚ್ಚಬಾರ್ದು ಅಂತ ಹೊಡೆಯೋ ಕಹಿ ಸ್ಪ್ರೇ. ಎಲ್ಲಾ ಸೇರಿ 6,400 ಆಯ್ತು. ನನ್ ಹತ್ರ ಇದ್ದಿದ್ದು 3,000, ಆಮೇಲ್ ಬರ್ತೀನಿ ಅಂತ ಹೇಳಿ ಬಂದ್ಬಿಟ್ಟೆ.

ಇದ್ರಲ್ಲಿ ಯಾವ್ದು ಬೇಕು ಯಾವ್ದು ಬೇಡ ಅಂತ ಗೊತ್ತಿರೋರು ಹೇಳಿ ಪ್ಲೀಸ್. ಅಂಗೈಯಲ್ಲಿ ಮುಖ ಇಟ್ಕೊಂಡು ಮಲಗೋ ಮರಿಗೆ ಮುಳ್ಳಿನ ಬೆಲ್ಟ್ ಹಾಕೋಕೆ ಮನಸ್ಸೇ ಬರ್ತಿಲ್ಲ.


ಮೈಸೂರ್_ವಾಕಿಂಗ್:

ಮೇಡಂ, ಆ ಲಿಸ್ಟಲ್ಲಿ ಮುಕ್ಕಾಲು ಭಾಗ ಬೇಡವೇ ಬೇಡ. ನಮ್ಮನೇಲೂ ಮುಧೋಳ ಇದೆ, ಗಂಡು, ಈಗ ಐದು ವರ್ಷ. ಈ ಜಾತಿಗೆ ಮೊದಲು ಯೋಚನೆ ಮಾಡ್ಬೇಕಾಗಿರೋದು ಕೊರಳಿನ ಬೆಲ್ಟ್ ಬಗ್ಗೆ, ಯಾಕೆ ಅಂತ ಹೇಳ್ತೀನಿ.

ಲ್ಯಾಬ್ರಡಾರ್ ಗೀಬ್ರಡಾರ್‌ಗಾದ್ರೆ ತಲೆ ದಪ್ಪ, ಕುತ್ತಿಗೆ ಸಣ್ಣ, ಬೆಲ್ಟ್ ಸಾಮಾನ್ಯವಾಗಿ ಜಾರಲ್ಲ. ಮುಧೋಳಕ್ಕೆ ಉಲ್ಟಾ. ತಲೆ ಉದ್ದಕ್ಕೆ ಸಪೂರ, ಕುತ್ತಿಗೆ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಹೆದ್ರಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಹಾಕಿದ್ರೆ ಸಾಕು, ಸಾದಾ ಬೆಲ್ಟು ಕಿವಿ ದಾಟಿ ಹೊರಗೆ ಬಂದ್ಬಿಡುತ್ತೆ. ನಮ್ದು ಏಳು ತಿಂಗಳಿದ್ದಾಗ ದೀಪಾವಳಿ ಹಿಂದಿನ ದಿನ ಸಾಯಂಕಾಲ ವಾಕ್ ಕರ್ಕೊಂಡ್ ಹೋಗಿದ್ದೆ, ಯಾರೋ ಮಕ್ಳು ಒಂದು ಲಕ್ಷ್ಮೀ ಪಟಾಕಿ ಹೊಡೆದ್ರು, ನಾನು ತಿರುಗಿ ನೋಡೋದ್ರೊಳಗೆ ಕೈಯಲ್ಲಿ ಲೀಶ್ ಇದೆ, ಲೀಶ್ ತುದೀಲಿ ಬೆಲ್ಟ್ ಇದೆ, ಬಕಲ್ ಹಾಕಿದ್ದು ಹಾಕಿದ ಹಾಗೇ ಇದೆ, ಬೆಲ್ಟ್ ಒಳಗೆ ನಾಯಿ ಇಲ್ಲ. ರಿಂಗ್ ರೋಡ್ ಕಡೆಗೆ ಓಡ್ತಾ ಇರೋದು ಕಾಣಿಸ್ತು, ಆಮೇಲೆ ಅದೂ ಕಾಣಿಸ್ಲಿಲ್ಲ. 40 ನಿಮಿಷ ಆದ್ಮೇಲೆ ನಿಂತಿದ್ದ ಒಂದು ಲಾರಿ ಕೆಳಗೆ ಸಿಕ್ತು, ಹಿಂದಿನ ಚಕ್ರಕ್ಕೆ ಒತ್ಕೊಂಡು ನಡುಗ್ತಾ ಕೂತಿತ್ತು. ಆ ದಿನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಸಂಕಟ ಆಗುತ್ತೆ.

ಅದಕ್ಕೇ ನೀವು ಕೇಳ್ಬೇಕಾಗಿರೋದು ಮಾರ್ಟಿಂಗೇಲ್ ಕಾಲರ್. ಅದ್ರಲ್ಲಿ ಎರಡು ಕುಣಿಕೆ ಇರುತ್ತೆ, ದೊಡ್ಡದು ಕುತ್ತಿಗೆಗೆ, ಚಿಕ್ಕದಕ್ಕೆ ಲೀಶ್. ನಾಯಿ ಹಿಂದಕ್ಕೆ ಜಗ್ಗಿದಾಗ ಚಿಕ್ಕ ಕುಣಿಕೆ ದೊಡ್ಡದನ್ನ ಸ್ವಲ್ಪ ಬಿಗಿ ಮಾಡುತ್ತೆ, ತಲೆ ಜಾರದಷ್ಟು ಮಾತ್ರ, ಅಲ್ಲಿಗೆ ನಿಂತು ಹೋಗುತ್ತೆ, ಚೋಕ್ ಚೈನ್ ಥರ ಬಿಗೀತಾನೇ ಹೋಗಲ್ಲ. ಅಗಲ ಇರೋದು ತಗೊಳ್ಳಿ, ದೊಡ್ಡದಾದ್ಮೇಲೆ ಒಂದೂವರೆ ಇಂಚಾದ್ರೂ ಇರ್ಲಿ, ಸಪೂರ ಪಟ್ಟಿ ಉದ್ದ ಕುತ್ತಿಗೆಗೆ ಕುಯ್ಯುತ್ತೆ. ಒಂದು ವಿಷ್ಯ ಮಾತ್ರ ಮರೀಬೇಡಿ, ಮಾರ್ಟಿಂಗೇಲನ್ನ ಹೊರಗೆ ಹೋಗುವಾಗ ಮಾತ್ರ ಹಾಕಿ, ಮನೆಗೆ ಬಂದ ತಕ್ಷಣ ಬಿಚ್ಚಿ, ಗ್ರಿಲ್‌ಗೋ ಬಾಗಿಲ ಚಿಲಕಕ್ಕೋ ಸಿಕ್ಕಾಕೊಂಡ್ರೆ ಅಪಾಯ. ಮನೇಲಿ ಹಗುರ ಬಟ್ಟೆ ಬೆಲ್ಟಿಗೆ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಇದ್ರೆ ಸಾಕು.

ಈಗ್ಲೇ ದುಬಾರಿ ಸೈಜ್ ತಗೋಬೇಡಿ, ತಿಂಗಳಿಗೊಂದು ಸೈಜ್ ದಾಟುತ್ತೆ. ಲೀಶು ಸಾದಾ ನೈಲಾನ್ ಪಟ್ಟಿದು, 5-6 ಅಡಿ, ಮರಿಗೆ ಕೊಕ್ಕೆ ಹಗುರ ಇರ್ಲಿ, ಕೊಕ್ಕೆ ಭಾರ ಇದ್ರೆ ನಡೆಯುವಾಗ ಗದ್ದಕ್ಕೆ ಬಡೀತಾ ಇರುತ್ತೆ, ಪಾಪ ಅದಕ್ಕೇ ಎಷ್ಟೋ ಮರಿಗಳು ಲೀಶ್ ಹಾಕಿದ್ರೆ ಕೂತೇ ಬಿಡೋದು. ಬಟನ್ ಲೀಶ್ ಬೇಡ. ಜಗ್ಗಿದ್ರೆ ಉದ್ದ ಆಗುತ್ತೆ ಅಂತ ಅದೇ ನಾಯಿಗೆ ಕಲಿಸ್ಕೊಡುತ್ತೆ, ಮತ್ತೆ ಮುಧೋಳ ಬೆಕ್ಕು ನೋಡಿ ಚಿಮ್ಮಿದ್ರೆ ಆ 5 ಮೀಟರ್ ಮುಗಿಯೋ ಹೊತ್ತಿಗೆ ಪೂರ್ತಿ ಸ್ಪೀಡಲ್ಲಿರುತ್ತೆ, ಆ ಜೋರಿಗೆ ನಿಮ್ಮ ಭುಜಾನೋ ಅದರ ಕುತ್ತಿಗೇನೋ ಹೋಗುತ್ತೆ.


ಹಳೇ_ಶೆಫರ್ಡ್:

ಎಲ್ರೂ ಚೋಕ್ ಚೈನ್ ಅಂದ್ರೆ ಬೈತೀರಾ. ನಾನು ಎರಡು ಜರ್ಮನ್ ಶೆಫರ್ಡ್ ಚೋಕ್ ಚೈನ್‌ನಲ್ಲೇ ಬೆಳೆಸಿದೀನಿ, ಎರಡೂ ಹೇಳಿದ ಮಾತು ಕೇಳ್ತಿದ್ವು, ಎರಡೂ 11-12 ವರ್ಷ ಬದುಕಿದ್ವು. ಎಳೆದು ತಕ್ಷಣ ಬಿಡೋದು ಗೊತ್ತಿದ್ರೆ ಏನೂ ಆಗಲ್ಲ. ಮರಿ ಇದ್ದಾಗಲೇ ಅಭ್ಯಾಸ ಮಾಡಿಸಿದ್ರೆ ಒಳ್ಳೇದು.


ಮೈಸೂರ್_ವಾಕಿಂಗ್:

ಸರ್, ನಿಮ್ಮ ಅನುಭವ ನಾನು ಅಲ್ಲಗಳೆಯಲ್ಲ, ನಮ್ಮ ತಂದೆ ಕಾಲದಲ್ಲೂ ಅದೇ ಇತ್ತು. ಆದ್ರೆ ಶೆಫರ್ಡ್ ಕುತ್ತಿಗೆ ಮೇಲೆ ಒಂದು ಇಂಚು ಕೂದ್ಲು ಇರುತ್ತೆ, ಮಾಂಸಖಂಡ ಇರುತ್ತೆ. ಮುಧೋಳದ ಕುತ್ತಿಗೆ ಮುಟ್ಟಿ ನೋಡಿ, ಚರ್ಮದ ಕೆಳಗೆ ಶ್ವಾಸನಾಳ ಬೆರಳಿಗೇ ಸಿಗುತ್ತೆ. ಎರಡು ತಿಂಗಳ ಮರಿಗಂತೂ ಅದು ಇನ್ನೂ ಎಳಸು. ಮತ್ತೆ ಈ ಜಾತಿ ನೋವು ಮಾಡಿದ್ರೆ ಎದುರು ನಿಲ್ಲೋದಕ್ಕಿಂತ ದೂರ ಹೋಗುತ್ತೆ. ಕರೆದ್ರೆ ಹತ್ರ ಬರ್ಬೇಕು ಅನ್ನೋದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ, ಕೈ ಕಂಡ್ರೆ ಭಯ ಬಿದ್ದ ನಾಯಿ ಹತ್ರ ಬರಲ್ಲ.


ಘಟಪ್ರಭಾ_ದಂಡಿ:

ಅಕ್ಕಾರ, ನಮ್ಮ ಕಡೀಂದ ಮರಿ ಬಂದೈತಿ ಅಂತ ಓದಿ ಭಾಳ ಖುಷಿ ಆತು, ಹೆಸರೂ ಚಂದ ಇಟ್ಟೀರಿ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಇವ ನಾಯಿ ಅದಾವ. 2020ರಾಗ ಪ್ರಧಾನಿಯವ್ರು ರೇಡಿಯೋದಾಗ ಮುಧೋಳ ನಾಯಿ ಹೆಸರು ತಗೊಂಡ ಮ್ಯಾಲೆ ಪ್ಯಾಟಿ ಮಂದಿ ಭಾಳ ಮಂದಿ ಒಯ್ಯಾಕತ್ತಾರ, ಒಯ್ದು ಆರು ತಿಂಗಳಿಗೆ ಇದು ಮಾತ ಕೇಳೂದಿಲ್ಲ ಅಂತ ಫೋನ್ ಮಾಡ್ತಾರ. ನೀವು ಮೊದಲ ಕೇಳಾಕತ್ತೀರಿ, ಅದು ಚಲೋ.

ಒಂದು ಮಾತು ಮನಸಿನ್ಯಾಗ ಇಟ್ಕೋರಿ, ಇದು ವಾಸನಿ ಹಿಡದು ಹೋಗೂ ನಾಯಿ ಅಲ್ರಿ, ಕಣ್ಣೀಲೆ ಬ್ಯಾಟಿ ಆಡೂ ನಾಯಿ. ದೂರದಾಗ ಏನರ ಓಡೂದು ಕಂಡ್ರ ಕಿವಿ ಮುಚ್ಚಿಧಂಗ ಆಗ್ತೈತಿ, ನೀವು ಎಷ್ಟ ಒದರಿದ್ರೂ ಕೇಳೂದಿಲ್ಲ. ಅದಕ್ಕ ಕ್ಲಿಕ್ಕರ್ ಬದಲಿ ಒಂದು ಸೀಟಿ ತಗೋರಿ, ಸಾಲಿ ಪೀಟಿ ಮಾಸ್ತರ ಊದ್ತಾರಲ್ಲ ಅಂಥದು, ಸ್ಟೇಷನರಿ ಅಂಗಡ್ಯಾಗ ಸಿಗ್ತೈತಿ. ಇವತ್ತಿಂದನ ಚಾಲೂ ಮಾಡ್ರಿ: ಊಟದ ತಾಟು ಇಡೂಕಿಂತ ಮೊದಲ ಎರಡು ಸಲ ಸಣ್ಣಗ ಊದ್ರಿ, ಆಮ್ಯಾಲೆ ತಾಟು ಇಡ್ರಿ. ಮರಿ ಕಿವಿ ಭಾಳ ನಾಜೂಕು, ಜೋರ ಊದಬ್ಯಾಡ್ರಿ. ಒಂದು ವಾರದಾಗ ಸೀಟಿ ಕೇಳಿದ್ರ ಎಲ್ಲಿದ್ರೂ ಓಡಿ ಬರ್ತೈತಿ. ದನಿ ಸಿಟ್ಟಿಗೆ ಬದಲಾಗ್ತೈತಿ, ಸೀಟಿ ಬದಲಾಗೂದಿಲ್ಲ, ಅಪ್ಪ ಊದಿದ್ರೂ ಅದ, ನೀವು ಊದಿದ್ರೂ ಅದ. ಆದ್ರ ಊದಿ ಕರದು ಬೈದ್ರಿ ಅಂದ್ರ, ಇಲ್ಲಾ ಕರದು ಜಳಕಕ್ಕ ಒಯ್ದ್ರಿ ಅಂದ್ರ, ಅಲ್ಲಿಗೆ ಮುಗೀತು.

ಇನ್ನ ಹಗ್ಗ. ನಾಕೈದು ತಿಂಗಳ ಆದ ಮ್ಯಾಲೆ ಬಯಲಿಗೆ ಒಯ್ಯೂದು ಬರ್ತೈತಿ, ಆಗ 10 ಮೀಟರ್ ನೈಲಾನ್ ಪಟ್ಟಿ ತಗೊಂಡು ಒಂದು ತುದಿಗೆ ಕೊಕ್ಕಿ ಹೊಲಿಸ್ಕೋರಿ, ಹಾರ್ಡ್‌ವೇರ್ ಅಂಗಡ್ಯಾಗ ಪಟ್ಟೀನೂ ಸಿಗ್ತೈತಿ ಕೊಕ್ಕೀನೂ ಸಿಗ್ತೈತಿ, ಚಪ್ಪಲಿ ಹೊಲಿಯವ್ರ ಕಡೆ ಕೊಟ್ರ ಗಟ್ಟಿ ಹೊಲದು ಕೊಡ್ತಾರ. ಉದ್ದ ಹಗ್ಗ ಯಾವತ್ತೂ ಎದಿ ಪಟ್ಟಿಗೆ ಹಾಕ್ರಿ, ಕೊಳ್ಳಿಗೆ ಹಾಕಬ್ಯಾಡ್ರಿ, ಓಡಿ ಹೋಗಿ ಜಟಕಾ ಹೊಡದ್ರ ಕುತ್ತಿಗಿ ಮುರೀತೈತಿ. ಹಗ್ಗ ಕೈಗೆ ಸುತಗೋಬ್ಯಾಡ್ರಿ, ನನ್ನ ಬಲಗೈ ಅಂಗೈದಾಗ ಇನ್ನೂ ಗೆರಿ ಐತಿ.

ಹಾಸಿಗಿ ಅಂಗಡಿದು ಬ್ಯಾಡ, ಮನ್ಯಾಗ ಹಳೇ ಕೌದಿ ಇದ್ರ ನಾಕು ಮಡಿಕಿ ಮಾಡಿ ಹಾಸ್ರಿ. ಇವಕ್ಕ ಮೈಯಾಗ ಕೊಬ್ಬು ಇರೂದಿಲ್ಲ, ಎಲಬು ನೆಲಕ್ಕ ತಾಗಿ ಮೊಣಕೈ ಚರ್ಮ ದಡ್ಡುಗಟ್ತೈತಿ, ಬೆಂಗಳೂರ ಡಿಸೆಂಬರ್ ಥಂಡಿಗಂತೂ ನಡಗ್ತಾವ. ನಿಮಗ ಏನರ ತಿಳೀಲಿಲ್ಲಂದ್ರ ಮುಧೋಳ ಹತ್ರ ತಿಮ್ಮಾಪುರದಾಗ ಬೀದರ ಪಶು ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಐತಿ, ಊರಿಗೆ ಹೋದಾಗ ಹೋಗಿ ಬರ್ರಿ.


ಕ್ಲಿನಿಕ್_ಅಸಿಸ್ಟೆಂಟ್:

ನಾನು ಶಿವಮೊಗ್ಗದಲ್ಲಿ ಒಂದು ಪೆಟ್ ಕ್ಲಿನಿಕ್‌ನಲ್ಲಿ ಕೆಲ್ಸ ಮಾಡ್ತೀನಿ, ಡಾಕ್ಟರ್ ಅಲ್ಲ, ನಾಯಿ ಹಿಡ್ಕೊಳ್ಳೋದು ಡ್ರೆಸ್ಸಿಂಗ್ ಮಾಡೋದು ನನ್ ಕೆಲ್ಸ. ಅಲ್ಲಿ ನೋಡಿದ್ದರ ಮೇಲೆ ಹೇಳ್ತಿದೀನಿ.

ಮೊದಲನೇದು ನಿಮ್ಗೆ ಯಾರೂ ಹೇಳದೇ ಇರೋ ಸಾಮಾನು, ಒಂದು ದಪ್ಪ ಬಟ್ಟೆ ಚೀಲ. ಲಸಿಕೆ ಕೋರ್ಸ್ ಮುಗಿಯೋವರ್ಗೂ ಮರೀನ ರಸ್ತೆ ಮೇಲೆ, ಪಾರ್ಕ್ ಮಣ್ಣಿನ ಮೇಲೆ ಬಿಡೋ ಹಾಗಿಲ್ಲ, ಮರಿಗಳಿಗೆ ವಾಂತಿ-ಭೇದಿ ತರೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಆದ್ರೆ ಮರಿ ಜಗತ್ತು ನೋಡಿ ಧೈರ್ಯ ಕಲಿಯೋ ವಯಸ್ಸೂ ಇದೇ, ಸುಮಾರು 3-4 ತಿಂಗಳವರೆಗೆ. ಎರಡೂ ಒಟ್ಟಿಗೆ ಆಗ್ಬೇಕು ಅಂದ್ರೆ ಚೀಲದಲ್ಲಿ ಕೂರಿಸ್ಕೊಂಡು ತಲೆ ಹೊರಗಿಟ್ಟು ದಿನಾ ಹದಿನೈದು ನಿಮಿಷ ತಿರುಗಾಡಿಸಿ. ಬಸ್ಸು, ಕುಕ್ಕರ್ ಸೀಟಿ, ಹೆಲ್ಮೆಟ್ ಹಾಕಿರೋರು, ಛತ್ರಿ, ದೇವಸ್ಥಾನದ ಗಂಟೆ, ಎಲ್ಲಾ ದೂರದಿಂದ ನೋಡ್ಲಿ ಕೇಳ್ಲಿ, ಜೊತೆಗೆ ಒಂದೊಂದು ತುಂಡು ತಿನ್ನೋಕೆ ಕೊಡಿ. ಮುಂದಿನ ಡೋಸ್ 3-4 ವಾರಕ್ಕೆ ಬರುತ್ತೆ, ರೇಬೀಸ್ ಚುಚ್ಚುಮದ್ದು 3 ತಿಂಗಳಿಗೆ, ಕಾರ್ಡ್ ತಗೊಂಡು ನಿಮ್ಮ ಡಾಕ್ಟ್ರ ಹತ್ರ ಡೇಟ್ ಹಾಕಿಸ್ಕೊಳ್ಳಿ.

ಎರಡನೇದು ಕಾಲರ್. ಬೆಲ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗ್ಬೇಕು, ಪ್ರತಿ ಭಾನುವಾರ ಬೆರಳು ಹಾಕಿ ನೋಡಿ. ಹೋದ ವರ್ಷ ತೋಟದ ಮನೆಯಿಂದ ಒಂದು ಎಂಟು ತಿಂಗಳ ನಾಯಿ ತಂದಿದ್ರು, ಮರಿ ಇದ್ದಾಗ ಕಟ್ಟಿದ್ದ ಬೆಲ್ಟ್ ಯಾರೂ ಸಡಿಲ ಮಾಡಿರ್ಲಿಲ್ಲ, ಕತ್ತಿನ ಸುತ್ತ ಕೂದಲು ಸರಿಸಿದ್ರೆ ಬೆಲ್ಟೇ ಕಾಣ್ಸಲ್ಲ, ಮಾಂಸದೊಳಗೆ ಹೂತು ಹೋಗಿತ್ತು. ನಾನು ತಲೆ ಹಿಡ್ಕೊಂಡಿದ್ದೆ, ಡಾಕ್ಟ್ರು ಕತ್ತರಿಸ್ತಿದ್ರೆ ಅದು ನನ್ ಕೈ ನೆಕ್ತಾನೇ ಇತ್ತು. ಆ ಮನೆಯವ್ರು ಕೆಟ್ಟವರಲ್ಲ, ಅವ್ರಿಗೆ ಗೊತ್ತೇ ಆಗಿರ್ಲಿಲ್ಲ.

ಎದೆ ಪಟ್ಟಿ ಅಂದ್ರೆ ಹಾರ್ನೆಸ್ ತಗೊಳ್ಳೋದಾದ್ರೆ ಎದೆ ಮೇಲೆ ವೈ ಆಕಾರ ಇರೋದು ತಗೊಳ್ಳಿ, ಭುಜಕ್ಕೆ ಅಡ್ಡ ಪಟ್ಟಿ ಬರೋದು ಬೇಡ, ಅದು ಮುಂಗಾಲು ಮುಂದಕ್ಕೆ ಚಾಚೋಕೆ ಬಿಡಲ್ಲ. ಕಂಕುಳ ಹತ್ರ ಮೆತ್ತಗಿರ್ಬೇಕು, ಮುಧೋಳಕ್ಕೆ ಅಲ್ಲಿ ಚರ್ಮ ತೆಳು, ಒಂದೇ ವಾಕ್‌ಗೆ ಉಜ್ಜಿ ಕೆಂಪಾಗುತ್ತೆ. ಬಟ್ಲು ಸ್ಟೀಲ್‌ದೇ ಇರ್ಲಿ, ಪ್ಲಾಸ್ಟಿಕ್ ಕಚ್ಚಿ ನುಂಗ್ತವೆ. ಮಜಲ್ ಈಗ ಬೇಡ, ಮರಿ ಕಚ್ಚುತ್ತೆ ಅಂತ ಬಾಯಿ ಕಟ್ಟೋ ಸಾಮಾನಲ್ಲ ಅದು.


ಆರ್‌ಆರ್‌ನಗರ_ಹುಡುಗಿ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಒಂದೊಂದೂ ಬರ್ಕೊಂಡೆ. ಕ್ಲಿನಿಕ್ ಅಣ್ಣ ಹೇಳಿದ್ದು ಓದಿ ತಕ್ಷಣ ಹೋಗಿ ಚಿಗರಿ ಬೆಲ್ಟಿಗೆ ಬೆರಳು ಹಾಕಿ ನೋಡ್ದೆ, ಒಂದೇ ಬೆರಳು ಹೋಗ್ತಿತ್ತು, ಸಡಿಲ ಮಾಡ್ದೆ.

ಇನ್ನೆರಡು ಕೇಳ್ಬೇಕಿತ್ತು. ಉಚ್ಚೆ ಪ್ಯಾಡ್ ತಗೊಳ್ಳೋದಾ ಬೇಡ್ವಾ? ಈಗ ಪೇಪರ್ ಹಾಕಿದೀವಿ, ಪೇಪರ್ ಬಿಟ್ಟು ದೇವರ ಮನೆ ಮುಂದಿನ ಕಾಲೊರಸು ಮೇಲೇ ಮಾಡ್ತಾಳೆ, ಅಮ್ಮಂಗೆ ಬೇಜಾರು. ಇನ್ನೊಂದು ಕಚ್ಚೋದು. ಚಪ್ಪಲಿ, ಚಾರ್ಜರ್ ವೈರು, ನನ್ ಪಾದ, ಯಾವ್ದೂ ಬಿಡ್ತಿಲ್ಲ. ಹಳೇ ಚಪ್ಪಲಿ ಒಂದು ಕೊಟ್ಟು ನೋಡೋಣ ಅಂತಾರೆ ಅಪ್ಪ.


ಶಿರಸಿ_ಮನೆ:

ಹಳೇ ಚಪ್ಪಲಿ ಕೊಡ್ಬೇಡಿ ತಂಗಿ, ಹಳೇದು ಯಾವ್ದು ಹೊಸದು ಯಾವ್ದು ಅಂತ ಅದಕ್ಕೆ ಹೇಗೆ ಗೊತ್ತಾಗ್ತು, ನಾಳೆ ನೆಂಟರ ಚಪ್ಪಲಿ ಹೋಗ್ತು. ಹಾಲು ಹಲ್ಲು ಬೀಳೋದು ಸುಮಾರು 4ರಿಂದ 6 ತಿಂಗಳಲ್ಲಿ, ಅಲ್ಲಿವರೆಗೆ ಕಚ್ಚೋದು ನಿಲ್ಲಲ್ಲ, ಕಚ್ಚೋಕೆ ಒಳ್ಳೇದು ಕೊಡ್ಬೇಕು ಅಷ್ಟೆ. ಹಳೇ ಪಂಜೆ ಅಥ್ವಾ ಟವೆಲ್ ಒದ್ದೆ ಮಾಡಿ ಹಗ್ಗದಂಗೆ ತಿರುಚಿ ಗಂಟು ಹಾಕಿ ಫ್ರೀಜರಲ್ಲಿಡಿ, ತಂಪಿಗೆ ವಸಡಿನ ಉರಿ ಕಮ್ಮಿ ಆಗ್ತು. ನೂಲು ಬಿಟ್ಕೊಂಡ್ರೆ ತೆಗೆದುಬಿಡಿ. ಒಳಗೆ ಊಟ ತುಂಬೋ ಗಟ್ಟಿ ರಬ್ಬರ್ ಆಟಿಕೆ ಒಂದು ಮಾತ್ರ ಒಳ್ಳೇದೇ ತಗೊಳ್ಳಿ, ಅದಕ್ಕೆ ದುಡ್ಡು ಹಾಕ್ಬಹುದು, ಮೊಸರನ್ನ ತುಂಬಿ ಫ್ರೀಜ್ ಮಾಡಿ ಕೊಟ್ರೆ ಅರ್ಧ ಗಂಟೆ ನಿಶ್ಶಬ್ದ. ಬೇಯಿಸಿದ ಮೂಳೆ ಕೊಡ್ಲೇಬೇಡಿ, ಚೂಪಾಗಿ ಸೀಳ್ತು. ಒಣದ್ರಾಕ್ಷಿ, ಈರುಳ್ಳಿ, ಚಾಕಲೇಟು ಕೈಗೆ ಸಿಗದ ಹಾಗೆ ಇಡಿ. ವೈರ್‌ಗೆ ಕಹಿ ಸ್ಪ್ರೇ ನಂಬಬೇಡಿ, ಎತ್ತಿ ಕಟ್ಟಿಬಿಡಿ.

ಪ್ಯಾಡ್ ವಿಷಯ. ಪ್ಯಾಡ್ ಮೆತ್ತಗಿರ್ತು, ಮೆತ್ತಗಿರೋ ಬಟ್ಟೆ ಮೇಲೆ ಮಾಡ್ಬೇಕು ಅಂತ ಮರಿ ಕಲೀತು, ಆಮೇಲೆ ಕಾಲೊರಸು, ಹಾಸಿಗೆ ಎಲ್ಲಾ ಅದಕ್ಕೆ ಪ್ಯಾಡೇ. ನಿಮ್ಮಲ್ಲಿ ಆಗ್ತಾ ಇರೋದೂ ಅದೇ ಥರ. ಕಾಲೊರಸು ಸ್ವಲ್ಪ ದಿನ ಎತ್ತಿಡಿ. ಸಿಮೆಂಟ್ ಕಲಸೋ ಪ್ಲಾಸ್ಟಿಕ್ ಟ್ರೇ ಒಂದು ತಂದು ಬಾಲ್ಕನೀಲಿಟ್ಟು ನರ್ಸರಿಯಿಂದ ಹುಲ್ಲಿನ ಹಾಸು ತಂದು ಹಾಕಿ, ಮುಂದೆ ಕೆಳಗೆ ಕರ್ಕೊಂಡ್ ಹೋದಾಗ ಹುಲ್ಲು ಕಂಡ್ರೆ ಅದಕ್ಕೇ ಗೊತ್ತಾಗ್ತು. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ತಕ್ಷಣ, ಆಟ ಆಡ್ತಾ ಆಡ್ತಾ ನೆಲ ಮೂಸೋಕೆ ಶುರು ಮಾಡಿದ ತಕ್ಷಣ ಎತ್ಕೊಂಡು ಹೋಗಿ ನಿಲ್ಸಿ. ಎಲ್ಲಾದ್ರೂ ಮಾಡಿದ್ರೆ ಫಿನೈಲ್ ಬೇಡ, ಮರಿ ನೆಲ ನೆಕ್ತಾ ಇರ್ತು. ವಿನೆಗರ್ ನೀರಲ್ಲಿ ಒರೆಸಿ. ಬಾಲ್ಕನಿ ಕಂಬಿ ಸಂದೀಲಿ ತಲೆ ತೂರ್ತದಾ ನೋಡಿ, ಪಾರಿವಾಳದ ಬಲೆ ಕಟ್ಟಿಸಿ ಮೊದ್ಲು. ಟೈಲ್ಸ್ ಮೇಲೆ ಓಡಾಡೋ ಜಾಗಕ್ಕೆ ಹಳೇ ಜಮಖಾನ ಹಾಸಿ, ಕೆಳಗೆ ಜಾರದ ರಬ್ಬರ್ ಮ್ಯಾಟ್ ಇರ್ಲಿ, ಬೆಳೆಯೋ ಕಾಲು ಜಾರಿ ಜಾರಿ ಹಾಳಾಗ್ತು.

ಇನ್ನೊಂದು, ಟ್ರೀಟ್ ಇಟ್ಕೊಳ್ಳೋಕೆ ಅಂತ ಸೊಂಟದ ಪೌಚ್ ಮಾರ್ತಾರೆ, ಅದು ಬೇಡ. ಎಲೆ ಅಡಿಕೆ ಸಂಚಿ ಇದ್ರೆ ಅದೇ ಸಾಕು, ದಾರ ಎಳೆದ್ರೆ ಬಾಯಿ ಮುಚ್ಚಿತು, ಸೊಂಟಕ್ಕೆ ಸಿಕ್ಕಿಸ್ಕೊಳ್ಳಬಹುದು. ತಂಬಾಕು ಇಟ್ಟಿದ್ದ ಸಂಚಿ ಮಾತ್ರ ಬೇಡ, ನಿಕೋಟಿನ್ ನಾಯಿಗೆ ವಿಷ. ಬೇಯಿಸಿದ ಕೋಳಿ ಅಥ್ವಾ ಪನೀರು ಕಡ್ಲೆಕಾಳಿನಷ್ಟು ತುಂಡು ಮಾಡಿ ಹಾಕ್ಕೊಳ್ಳಿ, ಅಷ್ಟು ಊಟದಲ್ಲಿ ಕಮ್ಮಿ ಮಾಡಿ. ಸರಿ ಮಾಡಿದ ಕ್ಷಣಕ್ಕೇ ಕೊಡ್ಬೇಕು, ಅದಕ್ಕೇ ಸಂಚಿ ಮೈಮೇಲೇ ಇರ್ಬೇಕು, ಅಡುಗೆಮನೆಗೆ ಹೋಗಿ ತರೋದ್ರೊಳಗೆ ಯಾತಕ್ಕೆ ಕೊಟ್ರು ಅನ್ನೋದು ಅದಕ್ಕೆ ಮರೆತು ಹೋಗಿರ್ತು.


ಆರ್‌ಆರ್‌ನಗರ_ಹುಡುಗಿ:

ಹತ್ತು ದಿನ ಆಯ್ತು, ಏನ್ ತಗೊಂಡೆ ಅಂತ ಹೇಳ್ತೀನಿ, ಮುಂದೆ ಯಾರಿಗಾದ್ರೂ ಬೇಕಾಗ್ಬಹುದು. ಸಣ್ಣ ಸೈಜ್ ಮಾರ್ಟಿಂಗೇಲ್ 380, ಬಿಲ್ಲೆ 120, ನೈಲಾನ್ ಲೀಶ್ 250, ರಬ್ಬರ್ ಆಟಿಕೆ 550, ಸ್ಟೀಲ್ ಬಟ್ಲು ಮನೇದೇ, ಸೀಟಿ 30, ಟ್ರೇ ಮತ್ತೆ ಹುಲ್ಲು ಸೇರಿ 400, ಬಲೆ ಕಟ್ಟಿಸಿದ್ದು 900. ಹಾರ್ನೆಸ್ ಲಸಿಕೆ ಮುಗಿದ್ಮೇಲೆ ಅಳತೆ ತಗೊಂಡು ತರ್ತೀನಿ. ಅಮ್ಮ ತಮಗೆ ಮದುವೆಯಲ್ಲಿ ಕೊಟ್ಟಿದ್ದ ಕೌದಿ ಅಟ್ಟದಿಂದ ತೆಗೆದು ಕೊಟ್ಟಿದಾರೆ, ಕಾಲೊರಸಿನ ಬೇಜಾರು ಹೋಗಿದೆ.

ಸಂಚಿ ಅಜ್ಜೀದು, ಅಡಿಕೆ ಮಾತ್ರ ಇಡ್ತಿದ್ರು, ಎರಡು ಸಲ ಒಗೆದು ಒಣಗಿಸಿದೀನಿ. ಇವತ್ತು ಬೆಳಿಗ್ಗೆ ಚಿಗರಿ ಬಾಲ್ಕನೀಲಿ ಪಾರಿವಾಳ ನೋಡ್ತಾ ನಿಂತಿದ್ಲು, ಮೈಯೆಲ್ಲಾ ಬಿಗಿ, ಮುಂದಿನ ಒಂದು ಕಾಲು ಎತ್ತಿದಾಳೆ, ಹೆಸರು ಹಿಡಿದು ಕರೆದೆ, ಕಿವಿ ಕೂಡ ಅಲ್ಲಾಡಲಿಲ್ಲ. ಘಟಪ್ರಭಾ ಅಣ್ಣ ಹೇಳಿದ ಹಾಗೆ ಒಳಗಿಂದ ಎರಡು ಸಲ ಸಣ್ಣಗೆ ಊದ್ದೆ. ತಿರುಗಿದಳು, ಜಮಖಾನದ ಮೇಲೆ ಓಡಿ ಬಂದು ನನ್ ಮೊಣಕಾಲಿಗೆ ಡಿಕ್ಕಿ ಹೊಡೆದು ಸಂಚಿಗೆ ಮೂತಿ ಹಾಕಿದ್ಲು. ಮೂರು ತುಂಡು ಕೊಟ್ಟೆ.


ಘಟಪ್ರಭಾ_ದಂಡಿ:

ಪಾರಿವಾಳ ಬಿಟ್ಟು ಬಂದಳಂದ್ರ ಭಾಳ ದೊಡ್ಡ ಮಾತ ಐತ್ರಿ ಅಕ್ಕಾರ. ಇನ್ನ ಒಂದು ತಿಂಗಳ ಮನ್ಯಾಗನ ಮಾಡಿಸ್ರಿ, ಕೆಳಗ ಒಯ್ಯೂ ದಿವಸ ಬಂದಾಗ ಇಲ್ಲೇ ಬರೀರಿ, ಉದ್ದ ಹಗ್ಗ ಹೆಂಗ ಹಿಡೀಬೇಕು ಹೇಳ್ತೀನಿ.